ಕೂತವನ ಎತ್ತರ

"ಬೆನ್ನು ನೆಟ್ಟಗೆ ಮಾಡಿ ಸಾರ್, ಗೂನು ಬಂದ್ರೆ ಲೆಕ್ಕ ತಪ್ಪುತ್ತೆ," ಎಂದು ಸುಮನ್ ಅಳತೆಪಟ್ಟಿಯ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದ.

ಡ್ರೆಸ್ಡೆನ್ನಿನ ಒಂದು ಸ್ಮಶಾನದ ಸಭಾಕೋಣೆಯಲ್ಲಿ, ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ, ಕಪ್ಪು ಸೂಟು ತೊಟ್ಟ ದ್ವಾರಕನಾಥ ತಣ್ಣನೆಯ ಕಲ್ಲುನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಸತ್ತವನದೂ ಅವನದೂ ಒಂದೇ ಎತ್ತರ. ಹಾಗಾಗಿ ಸತ್ತವನ ಪರವಾಗಿ ಬದುಕಿದ್ದವನು ಅಳೆಸಿಕೊಳ್ಳುತ್ತಿದ್ದ.

"ತೊಂಬತ್ತೆರಡು."

"ಕೂದಲು ಬಿಟ್ಟು ಹೇಳಪ್ಪ."

"ಬಿಡೋಕೆ ಎಲ್ಲಿದೆ ಸಾರ್?"

ಶವಸಂಸ್ಕಾರದ ಕಂಪನಿಯ ಬೂದು ಕೋಟಿನ ಮನುಷ್ಯ ಕಿಸೆಯಿಂದ ಪೆನ್ಸಿಲ್ ತೆಗೆದು, ಕಾಗದದ ಮೇಲೆ ಕೂಡಿಸಿ ಕಳೆದು, ತಲೆಯಾಡಿಸಿದ. ಗುಂಡಿಯ ಆಳ ಒಂದು ಮೀಟರ್ ಎಂಬತ್ತು. ಕೂತವನ ಪೆಟ್ಟಿಗೆ, ಹಲಗೆಯ ದಪ್ಪವೂ ಸೇರಿ, ತೊಂಬತ್ತೇಳು. ಪೆಟ್ಟಿಗೆಯ ಮೇಲೆ ತೊಂಬತ್ತು ಸೆಂಟಿಮೀಟರ್ ಮಣ್ಣಿರಲೇಬೇಕು. ಇಲ್ಲಿ ಉಳಿಯುವುದು ಎಂಬತ್ತಮೂರು.

"ಏಳೇ ಏಳು ಸೆಂಟಿಮೀಟರ್ ಸಾರ್," ಎಂದ ಸುಮನ್. "ಸ್ವಲ್ಪ ಬಗ್ಗಿಸಿದ್ರೆ ಆಗಲ್ವಾ?"

"ಯಾರನ್ನ? ನನ್ನನ್ನೋ, ರೂಲನ್ನೋ?"

ಇನ್ನೊಂದು ಗೇಣು ಅಗೆಯಬಹುದಲ್ಲ ಎಂದು ದ್ವಾರಕನಾಥ ಜರ್ಮನ್‌ನಲ್ಲಿ ಕೇಳಿದ. ಬೂದು ಕೋಟಿನವನು ಬೇಸರವಿಲ್ಲದೆ, ನಾಲ್ಕನೆಯ ಸಲ ವಿವರಿಸಿದ. ಹೋದ ಆಗಸ್ಟಿನಲ್ಲಿ ಎಲ್ಬೆ ನದಿ ಊರೊಳಗೆ ಬಂದು ಹೋದ ಮೇಲೆ ಈ ಕಡೆ ಅಂತರ್ಜಲ ಇಳಿದಿಲ್ಲ. ಇನ್ನು ಕೆಳಗೆ ಹೋದರೆ ನೀರು. ಮೇಲಾಗಿ ಇಲ್ಲಿ ಸತ್ತವರು ಮಲಗುತ್ತಾರೆ, ಕೂರುವುದಿಲ್ಲ. ಪೆಟ್ಟಿಗೆಯೂ ಮಲಗುವವರ ಅಳತೆಯದೇ. ಹನ್ನೆರಡು ಗಂಟೆಗೆ ಮಣ್ಣು. ಅದು ಟೆರ್ಮೀನ್, ಗೊತ್ತುಮಾಡಿದ ಹೊತ್ತು. ಹನ್ನೆರಡೂವರೆಗೆ ಇನ್ನೊಬ್ಬರ ಟೆರ್ಮೀನ್ ಇದೆ.

ಈ ದೇಶದಲ್ಲಿ ಯಮನಿಗಿಂತ ನಿಯಮ ದೊಡ್ಡದು. ಯಮನಾದರೋ ಬರುವಾಗ ಟೆರ್ಮೀನ್ ತೆಗೆದುಕೊಂಡಿರಲಿಲ್ಲ. ಮಲ್ಲಿಕಾರ್ಜುನನಿಗೆ ಮೂವತ್ತೆಂಟು ವರ್ಷ. ಸೋಮವಾರ ಬೆಳಿಗ್ಗೆ ಏಳು ಐವತ್ತರ ಟ್ರಾಮಿಗೆ ಕಾಯುತ್ತ ಬೆಂಚಿನ ಮೇಲೆ ಕೂತವನು, ಟ್ರಾಮು ಬಂದರೂ ಏಳಲಿಲ್ಲ. ಕೂತೇ ಸತ್ತವನನ್ನು ಮಲಗಿಸಿದವರು ಆಂಬುಲೆನ್ಸಿನವರು.

ಎಲ್ಬೆ ಕನ್ನಡ ಬಳಗದಲ್ಲಿ ಸದಸ್ಯರು ಹದಿನಾಲ್ಕು ಜನ, ಪದಾಧಿಕಾರಿಗಳು ಹದಿನೈದು. ಅಧ್ಯಕ್ಷ ದ್ವಾರಕನಾಥ ಮೈಸೂರಿನವನು, ಚಿಪ್ ಕಾರ್ಖಾನೆಯ ಎಂಜಿನಿಯರು, ಎಲ್ಲರಿಗಿಂತ ಮುಂಚೆ ಬಂದವನು, ಎಲ್ಲರ ಫಾರಂ ತುಂಬುವವನು. ಸುಮನ್ ಬಳಗದ ಕಾರ್ಯದರ್ಶಿ. ಮಂಗಳವಾರ ಈ ಫಾರಂ ತುಂಬಿದವನೂ ಅವನೇ. ಹಿಂದೂ ಎಂದ ಮೇಲೆ ಬೆಂಕಿಯೇ ಎಂದುಕೊಂಡು, ಯಾರನ್ನೂ ಕೇಳದೆ, ದಹನದ ಚೌಕಕ್ಕೆ ಗೀಟು ಹಾಕಿಬಿಟ್ಟಿದ್ದ. ಆ ಕಾಗದ ಓದಿದವಳು ಮಲ್ಲಿಕಾರ್ಜುನನ ಏಳು ವರ್ಷದ ಮಗಳು ಸಂಜನಾ. "ಮಮ್ಮಿ, ಇಲ್ಲಿ ಫೊಯರ್ ಅಂತ ಇದೆ." ಮಲ್ಲಿಕಾರ್ಜುನನ ಹೆಂಡತಿ ಮಧುಮತಿಗೆ ಬರುತ್ತಿದ್ದ ಜರ್ಮನ್ ಅಷ್ಟಕ್ಕಷ್ಟೇ. ಆದರೆ ಫೊಯರ್ ಎಂದರೆ ಬೆಂಕಿ ಎಂದು ಗೊತ್ತಿತ್ತು. ಒಂಬತ್ತನೇ ಮಹಡಿಯ ಲಿಫ್ಟಿನ ಬಾಗಿಲಿಗೆ ಕೆಂಪಕ್ಷರದಲ್ಲಿ ಬರೆದಿದ್ದರು, ಫೊಯರ್ ಬಿದ್ದಾಗ ಲಿಫ್ಟು ಹತ್ತಬೇಡಿ ಎಂದು.

"ನಮ್ಮೊಳಗ ಸುಡೂದಿಲ್ರೀ," ಎಂದಿದ್ದಳು. "ನಮ್ಮಲ್ಲಿ ಲಿಂಗ ಕೈಯಾಗಿಟ್ಟು, ಕುಂದರ್ಸಿ, ಮಣ್ಣು ಮಾಡ್ತಾರ."

ದ್ವಾರಕನಾಥನ ಮುಖ ಇಷ್ಟೇ ಇಷ್ಟಾಗಿತ್ತು. ಬೆಂಕಿಯನ್ನು ಮಣ್ಣಿಗೆ ಬದಲಿಸಲು ಮೂರು ಕಚೇರಿ ಅಲೆದ. ಅಂದಿನಿಂದ ಅವನ ಕಿಸೆಯಲ್ಲಿ ಅಳತೆಪಟ್ಟಿ.

ಈಗ ಅವನು ನೆಲದಿಂದ ಏಳುತ್ತ ಮಂಡಿ ಉಜ್ಜಿಕೊಂಡ. ಮಧುಮತಿಯ ಕಡೆ ನೋಡಲು ಅವನಿಗೆ ಧೈರ್ಯವಾಗಲಿಲ್ಲ.

"ಆಗಲ್ಲ ಅಂತಾರಮ್ಮ. ನಾನು ಮಾಡೋದೆಲ್ಲ ಮಾಡ್ದೆ."

ಮಧುಮತಿ ಉತ್ತರ ಕೊಡುವ ಮೊದಲೇ ಅವಳ ಕೋಟಿನೊಳಗೆ ಗಂಡನ ಮೊಬೈಲು ಅಲುಗಿತು. ಗದಗಿನಿಂದ.

*

ಜರ್ಮನಿಯ ಗ್ರೀನ್ ಕಾರ್ಡು ಹಸಿರೂ ಅಲ್ಲ, ಕಾರ್ಡೂ ಅಲ್ಲ. ಪಾಸ್‌ಪೋರ್ಟಿನ ಒಂದು ಪುಟಕ್ಕೆ ಅಂಟಿಸಿದ ಚೀಟಿ. ಒಳಗೆ ಬಂದವನು ಹೊರಗೆ ಹೋಗಬೇಕಾದ ತಾರೀಖನ್ನೂ ಅದರ ಮೇಲೇ ಅಚ್ಚು ಹಾಕಿದ್ದರು. ಐದು ವರ್ಷ. ಹುಬ್ಬಳ್ಳಿಯ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದ ಮಲ್ಲಿಕಾರ್ಜುನ ಎರಡು ಸಾವಿರದ ಒಂದರ ಜನವರಿಯಲ್ಲಿ ಎರಡು ಸ್ವೆಟರಿನ ಮೇಲೊಂದು ಸ್ವೆಟರು ಹಾಕಿಕೊಂಡು ಬಂದಿಳಿದಾಗ, ಜರ್ಮನಿ ಅವನಿಗೆ ರಾಕೆಟ್ಟಿನ ಕೆಲಸವನ್ನೇನೂ ಕೊಡಲಿಲ್ಲ. ಕಸ ಗುಡಿಸುವ ಕೆಲಸ ಕೊಟ್ಟಿತು.

ಏಳು ಜನರ ಪುಟ್ಟ ಕಂಪನಿ. ಹಳೇ ಮೂಕಿ ಚಿತ್ರಗಳ ಸುರುಳಿಗಳನ್ನು ಕಂಪ್ಯೂಟರಿಗೆ ಇಳಿಸಿ, ಅವುಗಳ ಮೇಲಿನ ಧೂಳು, ಗೀರು, ಬೂಷ್ಟು ತೆಗೆಯುವುದು ವ್ಯಾಪಾರ. ಅದಕ್ಕೆ ಬೇಕಾದ ಪ್ರೋಗ್ರಾಮು ಮಲ್ಲಿಕಾರ್ಜುನನ ಪಾಲಿಗೆ ಬಂತು. ಅವನು ಅದಕ್ಕೆ ಕಸಬರಿಗಿ ಎಂದು ಹೆಸರಿಟ್ಟ. ಜರ್ಮನರು ಆ ಹೆಸರನ್ನು ಇಟಲಿಯ ಯಾವುದೋ ತಿಂಡಿಯಂತೆ ಉಚ್ಚರಿಸುತ್ತಿದ್ದರು. ಅವನ ಹೆಸರನ್ನು, ಅರ್ಜುನನನ್ನು ಕೈಬಿಟ್ಟು, ಹೆರ್ ಮಲ್ಲಿ ಎನ್ನುತ್ತಿದ್ದರು.

ಕಸಬರಿಗಿಯ ಬುದ್ಧಿ ಸರಳ. ಈ ಚೌಕಟ್ಟಿನಲ್ಲಿರುವುದು ಹಿಂದಿನ ಚೌಕಟ್ಟಿನಲ್ಲೂ ಮುಂದಿನದರಲ್ಲೂ ಇಲ್ಲದಿದ್ದರೆ ಅದು ಕಸ. ಗುಡಿಸು.

ಒಂದು ದಿನ ತುಕ್ಕು ಹಿಡಿದ ಡಬ್ಬಿ ಬಂತು. ಮೇಲೆ "ಆಡು, ಭಾಗ ಎರಡು" ಎಂದಷ್ಟೇ ಬರೆದಿತ್ತು. ಭಾಗ ಒಂದೂ ಇಲ್ಲ, ಮೂರೂ ಇಲ್ಲ. ಎಂಬತ್ತು ವರ್ಷದ ಹಿಂದೆ ಯಾರೋ ಮಾಡಿದ ಏಳು ನಿಮಿಷದ ತಮಾಷೆ. ಅದರಲ್ಲಿ ಸ್ಟೇಷನ್ ಮಾಸ್ತರ ನಿಜವಾದ ಮನುಷ್ಯ. ಅವನ ನಿಲ್ದಾಣಕ್ಕೆ ಬಂದು ಟಿಕೀಟು ತಿನ್ನುವ ಆಡು ಮಸಿಯಲ್ಲಿ ಬರೆದ ಚಿತ್ರ. ಮಾಸ್ತರ ಆಡನ್ನು ಹೇಗಾದರೂ ಮಾಡಿ ರೈಲು ಹತ್ತಿಸಬೇಕೆಂದು ಹೆಣಗುತ್ತಾನೆ. ಆಡಿಗೂ ಹೋಗುವ ಆಸೆಯೇ. ಆದರೆ ಪ್ರತಿ ರೈಲೂ ಬಾಗಿಲು ಮುಚ್ಚಿಕೊಂಡೇ ಹೊರಡುತ್ತದೆ. ಏಳು ನಿಮಿಷದಲ್ಲಿ ಹನ್ನೊಂದು ರೈಲು ತಪ್ಪುತ್ತವೆ. ಆಮೇಲೆ ಸುರುಳಿ ಮುಗಿಯುತ್ತದೆ.

ಮಲ್ಲಿಕಾರ್ಜುನ ಅದರ ಮೇಲೆ ಕಸಬರಿಗಿ ಓಡಿಸಿ, ಶುಕ್ರವಾರ ಮಧ್ಯಾಹ್ನ ಎಲ್ಲರನ್ನೂ ಕರೆದು ತೋರಿಸಿದ. ಗೀರು ಹೋಗಿತ್ತು, ಧೂಳು ಹೋಗಿತ್ತು, ಆಡೂ ಹೋಗಿತ್ತು. ಕೈಯಲ್ಲಿ ಬರೆದ ಗೆರೆ ಚೌಕಟ್ಟಿನಿಂದ ಚೌಕಟ್ಟಿಗೆ ನಡುಗುತ್ತದೆ. ಕಸಬರಿಗಿಗೆ ನಡುಗುವುದೆಲ್ಲ ಕಸ. ತೆರೆಯ ಮೇಲೆ ಮಾಸ್ತರನೊಬ್ಬನೇ ಖಾಲಿ ಪ್ಲಾಟ್‌ಫಾರ್ಮಿನಲ್ಲಿ ಗಾಳಿಯ ಕೊಂಬು ಹಿಡಿದು ಎಳೆಯುತ್ತಿದ್ದ. ಗಾಳಿಗೆ ಹುಲ್ಲು ತಿನ್ನಿಸುತ್ತಿದ್ದ. ಗಾಳಿ ಒದ್ದಾಗ ಅಂಗಾತ ಬೀಳುತ್ತಿದ್ದ.

ಐದು ಜನ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗದೆ ಇದ್ದವರು ಇಬ್ಬರು. ಮಲ್ಲಿಕಾರ್ಜುನ, ಮತ್ತೆ ಫ್ರಾವ್ ಲೇನರ್ಟ್. ಅರವತ್ತಾರರ ಆ ಹೆಂಗಸು ಇದೇ ಊರಿನ ಹಳೇ ಕಾರ್ಟೂನು ಸ್ಟುಡಿಯೋದಲ್ಲಿ ಮೂವತ್ತು ವರ್ಷ ಕ್ಯಾಮೆರಾವನ್ನೂ ಕುಂಚವನ್ನೂ ಹಿಡಿದವಳು. ಎರಡು ಜರ್ಮನಿಗಳ ನಡುವಿನ ಗೋಡೆ ಬಿದ್ದ ಮೇಲೆ ಸ್ಟುಡಿಯೋವೂ ಬಿತ್ತು. ಈಗ ವಾರಕ್ಕೆರಡು ದಿನ ಇಲ್ಲಿಗೆ ಬರುತ್ತಿದ್ದಳು.

"ನಿಮ್ಮ ಪೊರಕೆ ಸುಳ್ಳು ಹೇಳಿಲ್ಲ, ಹೆರ್ ಮಲ್ಲಿ," ಎಂದಳು. "ಆತ ನಿಜಕ್ಕೂ ಒಬ್ಬನೇ ಇದ್ದ. ಮೊದಲು ಮನುಷ್ಯನನ್ನು ಒಂಟಿಯಾಗಿ ಚಿತ್ರ ತೆಗೆಯುತ್ತಿದ್ದರು. ಆಡನ್ನು ಆಮೇಲೆ ಬರೆದು, ಒಂದರ ಮೇಲೊಂದು ಅಚ್ಚು ಹಾಕುತ್ತಿದ್ದರು. ಏನೂ ಇಲ್ಲದ ಕಡೆ ನೋಡುವುದೇ ಅವನ ಕೆಲಸ."

*

"ಕುಂದರ್ಸಿರೇನ್, ಮಧಿ?" ಅತ್ತೆ ಗಂಗವ್ವನ ದನಿ ಒಣಗಿತ್ತು.

"ಇನ್ನೂ ಇಲ್ಲ ಅತ್ತಿ. ಇನ್ನೊಂದು ತಾಸಿನಾಗ."

"ಎಡಗೈಯಾಗ ಲಿಂಗ ಇಡ್ರಿ. ಕುತಗಿ ವಾಲದಂಗ ಹಿಂದ ಒಂದು ದಿಂಬು ಕೊಡ್ರಿ. ಅವ ಸಣ್ಣಾಂವ ಇದ್ದಾಗಿಂದ ಕುಂತಕುಂತಲ್ಲೇ ವಾಲ್ತಾನ."

"ಹೂಂ ಅತ್ತಿ."

"ಫೋಟೋ ಮರೀಬ್ಯಾಡ. ನೀನೂ ಕೂಸೂ ಆಜುಬಾಜು ಕುಂದರ್ರಿ. ನಿಮ್ಮ ಮಾವಗೂ ಹಂಗs ತಗದಿದ್ವಿ. ಅವ ಕುಂತದ್ದು ಕಣ್ಣಿಲೆ ನೋಡೂತನಾ ನಾ ಹನಿ ನೀರು ಬಾಯಾಗ ಹಾಕ್ಕೊಳಾಂಗಿಲ್ಲ."

"ನೀರರ ಕುಡೀರಿ ಅತ್ತಿ. ಶುಗರ್ ಐತಿ ನಿಮಗ."

"ಮಗ ಕುಂತಾನೋ, ಹೆಣದಂಗ ಬಿದ್ದಾನೋ ಅಂತ ತಿಳೀದ ನಾ ಹೆಂಗ ಕುಡೀಲಿ?"

ಫೋನು ಮೈದುನನ ಕೈಗೆ ಹೋಯಿತು. "ವೈನಿ, ನಿನ್ನೆ ಸಂಜಿಂದ ಹಿಂಗs ಕುಂತಾಳ. ಡಾಕ್ಟರ್ ಬಂದು ಬೈದು ಹೋದ್ರು. ಲಗೂ ಕಳಸ್ರಿ. ಕೆಫೆದಾಂವ ಅಂಗಡಿ ತಗದು ಇಟ್ಕೊಂಡಾನ, ಮೇಲ್ ಬಂದ ಕೂಡಲೇ ಪ್ರಿಂಟ್ ತಗದು ಕೊಡ್ತಾನ."

ಹೆಣವನ್ನು ಊರಿಗೆ ಕಳಿಸುವ ಮಾತು ಮಂಗಳವಾರವೇ ಬಂದಿತ್ತು. ಮೂರು ವಾರ ಹಿಡಿಯುತ್ತದೆ, ಬೆಸುಗೆ ಹಾಕಿದ ಸತುವಿನ ಡಬ್ಬಿಯಲ್ಲಿ ಬರುತ್ತದೆ, ಯಾರೂ ತೆರೆಯುವಂತಿಲ್ಲ ಎಂದಾಗ ಗಂಗವ್ವ, "ಡಬ್ಬಿ ಬ್ಯಾಡ ನನಗ. ಅಲ್ಲೇ ಮಾಡ್ರಿ, ಆದ್ರ ಕುಂದರ್ಸಿ ಮಾಡ್ರಿ. ಮಾಡ್ತೀರಿಲ್ಲೋ?" ಎಂದು ಕೇಳಿದ್ದಳು. ಬುಧವಾರ ಮಧುಮತಿ ಹೂಂ ಎಂದಿದ್ದಳು. ಆಗ ಆ ಮುದುಕಿಗೆ ಬೇರೇನು ಹೇಳಬಹುದಿತ್ತೆಂದು ಅವಳಿಗೆ ಈಗಲೂ ಹೊಳೆದಿಲ್ಲ. ಎರಡು ವರ್ಷ ಒಂಬತ್ತನೇ ಮಹಡಿಯಲ್ಲಿ ವಾಸವಿದ್ದವಳು ಎರಡು ದಿನದಿಂದ ಆ ಹೂಂ ಒಳಗೆ ವಾಸವಾಗಿದ್ದಳು. ಅದಕ್ಕೆ ಲಿಫ್ಟೂ ಇರಲಿಲ್ಲ.

"ಏನಂದ್ರಕ್ಕ?" ಎಂದು ಸುಮನ್ ಕೇಳಿದ.

"ದಿಂಬು ಇಡ್ರಿ ಅಂದ್ರು," ಎಂದಳು ಮಧುಮತಿ. ಕೋಣೆಯ ಕೊನೆಯಲ್ಲಿ, ಮುಚ್ಚಿದ ಪೆಟ್ಟಿಗೆ ಇತ್ತು. ಅದರ ಉದ್ದವನ್ನೇ ನೋಡುತ್ತ ನಿಂತಳು.

*

ಗದಗಿನಲ್ಲಿ ಮಧುಮತಿ ಹೈಸ್ಕೂಲಿನ ಗಣಿತದ ಟೀಚರು. ಇಲ್ಲಿ ಗ್ರೀನ್ ಕಾರ್ಡಿನವನ ಹೆಂಡತಿ. ಕೆಲಸಕ್ಕೆ ಪರವಾನಗಿ ಇಲ್ಲ, ಭಾಷೆಯ ತರಗತಿಗೆ ಸರದಿ ಬಂದಿಲ್ಲ. ಮೆಟ್ಟಿಲ ಬಳಿ ತೂಗುಹಾಕಿದ್ದ ಮನೆಯ ನಿಯಮಗಳು ಇಪ್ಪತ್ತೇಳು. ಭಾನುವಾರ ಮಿಕ್ಸಿ ಹಾಕುವಂತಿಲ್ಲ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದರೂ ಕೆಳಗಿನ ಮನೆಯವರು ಸೀಲಿಂಗಿಗೆ ಕೋಲು ಬಡಿಯುತ್ತಾರೆಂದು ಅವಳಿಗೆ ಅನುಮಾನ. ಕಿಟಕಿಯಲ್ಲಿ ನಿಂತರೆ ಟ್ರಾಮು ಬರುವುದು ಕಾಣುತ್ತಿತ್ತು, ಹೋಗುವುದು ಕಾಣುತ್ತಿತ್ತು.

ಆಡನ್ನು ಗುಡಿಸಿದ ತಪ್ಪಿಗೆ ಮಲ್ಲಿಕಾರ್ಜುನ ಆಡನ್ನು ಕೈಯಾರೆ ಹಿಂದಕ್ಕೆ ತರತೊಡಗಿದ. ಯಾವುದು ಗೆರೆ, ಯಾವುದು ಗೀರು ಎಂದು ಒಂದೊಂದೇ ಚೌಕಟ್ಟು ನೋಡಿ ತೀರ್ಮಾನಿಸಬೇಕು. ಏಳು ನಿಮಿಷಕ್ಕೆ ಏಳು ಸಾವಿರ ಚಿಲ್ಲರೆ ಚೌಕಟ್ಟು. ಒಂದು ಕಡೆ ಫಿಲ್ಮಿಗೇ ಬೂಷ್ಟು ತಿಂದು, ನಲವತ್ತು ಚೌಕಟ್ಟುಗಳಲ್ಲಿ ಆಡು ಪೂರ್ತಿ ಅಳಿಸಿಹೋಗಿತ್ತು. ಮಾಸ್ತರ ಮಾತ್ರ ಉಳಿದಿದ್ದ. ಅವನ ಮುಂದೆ ಆಡು ಎಲ್ಲಿತ್ತು, ನಿಂತಿತ್ತೋ ಮಲಗಿತ್ತೋ, ಗೊತ್ತಿಲ್ಲ. ಗೊತ್ತಾಗದೆ ಫ್ರಾವ್ ಲೇನರ್ಟ್ ಹೊಸದಾಗಿ ಬರೆಯುವ ಹಾಗಿಲ್ಲ. ಅವನು ಆ ತುಂಡನ್ನು ಸೀಡಿಗೆ ಹಾಕಿಕೊಂಡು ಮನೆಗೆ ತಂದ.

"ಏ ಮಧು, ಇಲ್ಲಿ ಬಾ. ಈ ಮಾಸ್ತರ ಏನ್ ನೋಡಾಕತ್ತಾನ ಹೇಳು."

ಮಧುಮತಿ ಹಿಟ್ಟಿನ ಕೈಯಲ್ಲೇ ಬಂದು ನಿಂತು ನೋಡಿದಳು. ಅವಳ ತವರಿನಲ್ಲಿ ಇಪ್ಪತ್ತು ಆಡು ಇದ್ದವು.

"ಮಲಗೈತಿ ಬಿಡ್ರಿ ಅದು. ಅವನ ಕಣ್ಣು ನೋಡ್ರಿ, ಮೊದಲು ದೂರ ಇತ್ತು, ಈಗ ಹತ್ರ ಬಂದೈತಿ. ಮೊಣಕಾಲ ಹತ್ರ. ತಲಿ ಅವನ ತೊಡಿ ಮ್ಯಾಲ ಇಟ್ಟೈತಿ. ಅದಕ್ಕs ಅವ ಕಾಲು ಅಳ್ಳಾಡ್ಸವಲ್ಲ."

"ತಲಿ ತೊಡಿ ಮ್ಯಾಲ? ಅದು ಅವನ ಟಿಕೀಟೆಲ್ಲಾ ತಿಂದೈತಲೇ."

"ತಿಂದ್ರೇನಾತು. ಒಂಬತ್ತು ಗಾಡಿ ತಪ್ಪ್ಯಾವ. ಇಬ್ಬರಿಗೂ ದಣಿವಾಗೈತಿ."

ಮರುದಿನ ಅವನು ಅದನ್ನೇ ಆಫೀಸಿನಲ್ಲಿ ಹೇಳಿದ. ಫ್ರಾವ್ ಲೇನರ್ಟ್ ಕನ್ನಡಕ ತೆಗೆದು, ಹಾಕಿ, ಮತ್ತೆ ನೋಡಿ, ಮಲಗಿದ ಆಡನ್ನು ಬರೆದಳು. ಸರಿಯಾಗಿ ಕೂತಿತು. ಅಂದಿನಿಂದ ವಾರಕ್ಕೊಮ್ಮೆ ಮಧುಮತಿಗೆ ಒಂದು ಸೀಡಿ ಬರುತ್ತಿತ್ತು. ಗಣಿತದ ಟೀಚರಿಗೆ ಜರ್ಮನಿಯಲ್ಲಿ ಸಿಕ್ಕಿದ ಕೆಲಸವೆಂದರೆ ಅದೊಂದೇ. ಅದಕ್ಕೆ ಪರವಾನಗಿ ಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಹತ್ತನೆಯ ರೈಲಿನವರೆಗೆ ಮುಗಿದಿತ್ತು.

*

ಫ್ರಾವ್ ಲೇನರ್ಟ್ ಬೆಳಿಗ್ಗೆಯಿಂದ ಹಿಂದಿನ ಬೆಂಚಿನಲ್ಲಿ ಸಂಜನಾಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಅಳೆಯುವುದನ್ನೂ ತಲೆಯಾಡಿಸುವುದನ್ನೂ ನೋಡುತ್ತಿದ್ದಳು. ಫೋನು ಇಟ್ಟ ಮೇಲೆ ಹುಡುಗಿಯ ಕಿವಿಯಲ್ಲಿ ಏನೋ ಕೇಳಿದಳು. ಸಂಜನಾ ಉದ್ದಕ್ಕೆ ಜರ್ಮನ್‌ನಲ್ಲಿ ಹೇಳಿದಳು; ನಡುನಡುವೆ ಓಮಾ ಎಂಬ ಮಾತು ಕೇಳಿಸಿತು, ಅಜ್ಜಿ. ಫ್ರಾವ್ ಲೇನರ್ಟ್ ಎದ್ದು ಬಂದು, ಮಧುಮತಿಯ ಮುಂದೆ ನಿಂತು, ನಿಧಾನವಾಗಿ ಮಾತಾಡಿದಳು.

"ಮಮ್ಮಿ, ಅವರ ಕಾರಲ್ಲಿ ಕ್ಯಾಮೆರಾ ಇದೆಯಂತೆ," ಎಂದು ಸಂಜನಾ ಕನ್ನಡಕ್ಕೆ ತಂದಳು. "ಪಪ್ಪನ ಮುಖ ಬೇರೆ ತೆಗೀತಾರಂತೆ. ಕುರ್ಚಿ ಇಟ್ಟು ನಮ್ಮಿಬ್ಬರನ್ನ ಬೇರೆ. ಆಮೇಲೆ ಮನೇಲಿ ಪಪ್ಪನ ಮೈ ಅವರೇ ಬರೀತಾರಂತೆ. ಆಡಿನ ಥರ."

ದ್ವಾರಕನಾಥ ಗಂಟಲು ಸರಿಮಾಡಿಕೊಂಡ. "ಇದು ಮೋಸ ಅಲ್ವೇನಮ್ಮ? ಹೆತ್ತ ತಾಯಿಗೆ..."

"ಸಾರ್," ಎಂದ ಸುಮನ್, "ರಾಜ್ಯೋತ್ಸವದ ಗ್ರೂಪ್ ಫೋಟೋದಲ್ಲಿ, ಫಂಕ್ಷನ್‌ಗೇ ಬರದ ಗೌರವಾಧ್ಯಕ್ಷರನ್ನ ಮಧ್ಯದಲ್ಲಿ ಕೂರಿಸಿದ್ದು ಯಾರು?"

"ಅದು ಬೇರೆ ವಿಷಯ ಕಣೋ. ಅವರು ಬದುಕಿದ್ರು."

ಮಧುಮತಿ ಮಗಳಿಗೆ ಹೇಳಿದಳು: "ಕೇಳು ಅವರಿಗೆ. ನಿಮ್ಮ ಪಪ್ಪ ಕುಂತಂಗ ಕಾಣ್ತಾರೇನು, ಕುಂತಂಗ ಬರದಂಗ ಕಾಣ್ತಾರೇನು? ಅಜ್ಜಿ ಕಣ್ಣು ಭಾಳ ಚುರುಕು. ಬರದದ್ದು ಅಂತ ಗೊತ್ತಾತಂದ್ರ ಅಲ್ಲೇ ಜೀವಾ ಬಿಡ್ತಾಳ."

ಸಂಜನಾ ಕೇಳಿದಳು. ಫ್ರಾವ್ ಲೇನರ್ಟ್ ಉತ್ತರಿಸಿದಳು.

"ಅದು ಅವರ ಕೈಲಿಲ್ವಂತೆ," ಎಂದಳು ಸಂಜನಾ. "ಜನ ಬರೆದವರನ್ನ ನೋಡಲ್ವಂತೆ. ಪಕ್ಕದಲ್ಲಿರೋ ನಿಜವಾದವರು ಎಲ್ಲಿ ನೋಡ್ತಾರೆ ಅಂತ ನೋಡ್ತಾರಂತೆ. ನಾವು ಸರಿಯಾಗಿ ನೋಡಿದ್ರೆ ಪಪ್ಪ ಇರ್ತಾರೆ. ಇಲ್ಲ ಅಂದ್ರೆ ಇರಲ್ಲ."

ಮಧುಮತಿ ಬೂದು ಕೋಟಿನವನ ಕಡೆ ತಿರುಗಿದಳು. "ಓಪನ್," ಎಂದು ಪೆಟ್ಟಿಗೆಗೆ ಕೈ ತೋರಿಸಿದಳು. "ಬಿಟ್ಟೆ," ಎಂದಳು, ದಯವಿಟ್ಟು ಎಂಬುದಕ್ಕೆ ಜರ್ಮನ್‌ನಲ್ಲಿ.

ಅವನು ಗಡಿಯಾರ ನೋಡಿದ. ಹತ್ತು ಬೆರಳು ಎತ್ತಿದ. ಹತ್ತು ನಿಮಿಷ.

ಮುಚ್ಚಳ ತೆಗೆದಾಗ ದ್ವಾರಕನಾಥ ಗೋಡೆಗೆ ಮುಖ ಮಾಡಿ ನಿಂತ. ಮಧುಮತಿ ವಿಭೂತಿ ಗಟ್ಟಿಯನ್ನು ಬೆರಳಿಗೆ ಉಜ್ಜಿ ಗಂಡನ ಹಣೆಗೆ ಮೂರು ಗೆರೆ ಎಳೆದಳು. ಎಡಗೈಯ ಬೆರಳುಗಳನ್ನು ಬಿಡಿಸಿ ಲಿಂಗವನ್ನಿಟ್ಟು ಮತ್ತೆ ಮಡಿಸಿದಳು. ಮಫ್ಲರನ್ನು ಸುತ್ತಿ ಅವನ ಕುತ್ತಿಗೆಯ ಹಿಂದೆ ತುರುಕಿದಳು. ಮಲಗಿದವನಿಗೆ ಅದರ ಅಗತ್ಯವಿರಲಿಲ್ಲ. ಫ್ರಾವ್ ಲೇನರ್ಟ್ ಏಣಿಸ್ಟೂಲು ಹತ್ತಿ ಮೇಲಿನಿಂದ ನೇರಕ್ಕೆ ಕ್ಯಾಮೆರಾ ಹಿಡಿದಳು. ಮಲಗಿದ ಮುಖದ ಕೆನ್ನೆ ಕಿವಿಯ ಕಡೆಗೆ ಜಾರಿರುತ್ತದೆ, ಅದನ್ನು ಕುಂಚದಿಂದ ಕೆಳಗೆ ತರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಕಿಟಕಿಯ ಬೆಳಕು ಯಾವ ಕೆನ್ನೆಗೆ ಬಿದ್ದಿದೆ ನೋಡಿಕೊಂಡಳು. ಎಡಗೆನ್ನೆ.

"ಪಪ್ಪ ಏನೋ ಹೇಳೋರ ಥರ ಇದ್ದಾರೆ," ಎಂದಳು ಸಂಜನಾ.

"ಹೂಂ," ಎಂದಳು ಮಧುಮತಿ. ಮುಚ್ಚಳ ಮುಚ್ಚಿತು.

ಎಡಗಡೆಯಿಂದ ಅಂಥದೇ ಬೆಳಕು ಬೇಕಿತ್ತು. ಹೊರಗೆ, ಸಭಾಕೋಣೆಯ ಗೋಡೆಗೆ ತಾಗಿದ ಜಲ್ಲಿಯ ದಾರಿಯ ಮೇಲೆ ಸಿಕ್ಕಿತು. ಸುಮನ್ ಮೂರು ಕುರ್ಚಿ ಹೊತ್ತು ತಂದ. ಒಂದರಲ್ಲಿ ಮಧುಮತಿ, ಒಂದರಲ್ಲಿ ಸಂಜನಾ, ನಡುವಿನದು ಖಾಲಿ. ಹತ್ತು ಹೆಜ್ಜೆ ದೂರದಲ್ಲಿ, ದಾರಿಯ ಆಚೆ ಅಂಚಿಗೆ, ಫ್ರಾವ್ ಲೇನರ್ಟ್ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿದಳು. ಹನ್ನೆರಡಕ್ಕೆ ಹದಿನೇಳು ನಿಮಿಷವಿತ್ತು.

"ಅವರ ಮುಖ ಎಲ್ಲಿ ಬರುತ್ತೆ ಅಂತ ಕೇಳ್ತಾರೆ," ಎಂದಳು ಸಂಜನಾ.

ಮಧುಮತಿ ಖಾಲಿ ಕುರ್ಚಿಯ ಮೇಲೆ ಕೈ ಎತ್ತಿದಳು. ಕೈ ಗಾಳಿಯಲ್ಲಿ ಸ್ವಲ್ಪ ತಡವಿ, ಒಂದು ಕಡೆ ನಿಂತಿತು. "ಇಲ್ಲಿ."

"ನೈನ್, ಅಲ್ಲ ಮಮ್ಮಿ. ಇನ್ನೂ ಮೇಲೆ."

"ಟ್ರಾಮಿನಾಗ ಕುಂತ್ರ ನನ್ನ ಕಿವಿ ಅವರ ಭುಜಕ್ಕ ಬರ್ತಿತ್ತು, ಸಂಜು."

"ಕಾಲು ಮಡಚಿ ಕೂತಿರ್ತಾರಲ್ಲ! ಕಾಲು ಮಡಚಿದ್ರೆ ಮೇಲೆ ಬರ್ತಾರೆ. ಓಮಾ ಮನೆ ಫೋಟೋದಲ್ಲಿ ತಾತ ಮೇಲಿದ್ದಾರೆ."

ಗಣಿತದ ಟೀಚರು ತಪ್ಪನ್ನು ಒಪ್ಪಿಕೊಂಡಳು. ಕೈ ನಾಲ್ಕು ಬೆರಳು ಮೇಲೆ ಹೋಯಿತು. ಅಷ್ಟರಲ್ಲಿ ಸುಮನ್ ಕೊಡೆಯ ತುದಿಯನ್ನು ಆ ಎತ್ತರಕ್ಕೆ ಹಿಡಿದ. "ಇದನ್ನೇ ನೋಡಿ ಅಕ್ಕ, ಗುರುತಿಗೆ."

"ಬ್ಯಾಡ ತಗೀರಿ. ಕೊಡಿ ನೋಡಿದ್ರ ಕೊಡಿ ನೋಡಿದಂಗs ಕಾಣ್ತೈತಿ."

ಮೊದಲನೆಯದು ತೆಗೆದಾಯಿತು. ಫ್ರಾವ್ ಲೇನರ್ಟ್ ತಲೆ ಅಲ್ಲಾಡಿಸಿದಳು. ಎರಡನೆಯದು. ಮತ್ತೆ ಇಲ್ಲ.

"ಮಮ್ಮಿ, ನೀನು ನನ್ನ ನೋಡ್ತಾ ಇದೀಯ ಅಂತೆ. ಪಪ್ಪನ್ನ ದಾಟಿ ನೋಡ್ತಾ ಇದೀಯಂತೆ. ಕಣ್ಣು ಪಪ್ಪನ ಹತ್ರ ನಿಲ್ಲಬೇಕಂತೆ."

ಮೂರನೆಯದು. ನಾಲ್ಕನೆಯದು. ಮಧುಮತಿಯ ಕಣ್ಣು ಕುರ್ಚಿಯ ಮೇಲೆ ನಿಲ್ಲಲು ಹೋಗಿ ಆಚೆ ಜಾರುತ್ತಿತ್ತು. ಆಡಿನ ಜಾಗ ಹುಡುಕಿಕೊಟ್ಟವಳಿಗೆ ಇದು ಬರಲಿಲ್ಲ. ಹನ್ನೆರಡಕ್ಕೆ ಒಂಬತ್ತು ನಿಮಿಷ. ಒಳಗೆ ಚಕ್ರದ ಗಾಡಿ ಎಳೆಯುವ ಸದ್ದು ಶುರುವಾಯಿತು. ದ್ವಾರಕನಾಥ ಒಮ್ಮೆ ಬಾಗಿಲ ಕಡೆ, ಒಮ್ಮೆ ಇವರ ಕಡೆ ನೋಡುತ್ತ, "ಬೇಗಮ್ಮ, ಸ್ವಲ್ಪ ಬೇಗ," ಎಂದ. ಫ್ರಾವ್ ಲೇನರ್ಟ್ ಕಾಯುತ್ತ ಬಾಗಿ ನಿಂತೇ ಇದ್ದಳು. ಐದನೆಯದೂ ಹಾಳಾಯಿತು. ಮಧುಮತಿಗೆ ಏಳಬೇಕೆನಿಸಿತು. ಎದ್ದರೆ ಗದಗಿನ ಮುದುಕಿ ನೀರು ಮುಟ್ಟುವುದಿಲ್ಲ. ಕೂತರೆ ಕಣ್ಣು ನಿಲ್ಲುವುದಿಲ್ಲ. ಸಿಟ್ಟು ಬಂತು, ಸೋಮವಾರದಿಂದ ಮೊದಲ ಸಲ.

"ಎತ್ಲಾಗ್ ವಾಲ್ತೀರಿ?" ಎಂದಳು ಖಾಲಿ ಕುರ್ಚಿಗೆ. "ನೆಟ್ಟಗ ಕುಂದರ್ರಿ ಅಂದ್ರ. ನಿಮ್ಮವ್ವ ನಿನ್ನೆಯಿಂದ ಹನಿ ನೀರು ಕುಡದಿಲ್ಲ. ನಿಮಗೇನ್ರೀ, ಕುಂತಲ್ಲೇ ಆರಾಮ ಹೊಂಟುಬಿಟ್ರಿ. ನಾ ಏನಂತ ಹೇಳ್ಲಿ ಅಕೀಗೆ? ಹಾಂ? ಈ ಕಡೆ ನೋಡ್ರಿ. ಇಲ್ಲಿ. ನನ್ನ ಕಡೆ."

ಸಂಜನಾ ಅಮ್ಮನ ಕಣ್ಣು ನೋಡಿ, ಅದು ನಿಂತ ಕಡೆಗೆ ತಾನೂ ತಲೆಯೆತ್ತಿದಳು.

"ಯಾ," ಎಂದಳು ಫ್ರಾವ್ ಲೇನರ್ಟ್ ಬಹಳ ಮೆಲ್ಲಗೆ. ಆರನೆಯದು. "ಹಾಗೇ ಇರಿ." ಏಳನೆಯದು.

ಸಭಾಕೋಣೆಯ ಬಾಗಿಲು ತೆರೆಯಿತು. ಬೂದು ಕೋಟಿನವನ ಹಿಂದೆ ನಾಲ್ವರು ಪೆಟ್ಟಿಗೆಯಿದ್ದ ಗಾಡಿಯನ್ನು ತಳ್ಳಿಕೊಂಡು ಹೊರಬಂದರು. ಗುಂಡಿಗೆ ಹೋಗುವ ಜಲ್ಲಿಯ ದಾರಿ ಕ್ಯಾಮೆರಾಕ್ಕೂ ಮೂರು ಕುರ್ಚಿಗೂ ನಡುವೆಯೇ ಹಾದಿತ್ತು. ಬೂದು ಕೋಟಿನವನು ಗಡಿಯಾರ ನೋಡಿದ. ಮಾತಾಡುತ್ತಿದ್ದ ಹೆಂಗಸನ್ನು ನೋಡಿದ, ಅವಳು ನೋಡುತ್ತಿದ್ದ ಕುರ್ಚಿಯನ್ನು ನೋಡಿದ. ಆಮೇಲೆ ಟೋಪಿ ತೆಗೆದು ಎದೆಗೆ ಹಿಡಿದು, ಇನ್ನೊಂದು ಕೈಯಿಂದ ಗಾಡಿಯವರಿಗೆ ಪಕ್ಕಕ್ಕೆ ಸನ್ನೆ ಮಾಡಿದ. ಅವರು ದಾರಿ ಬಿಟ್ಟರು. ಹುಲ್ಲಿನ ಮೇಲೆ ಕಾಲಿಡಬಾರದೆಂದು ಬರೆದಿದ್ದ ಫಲಕದ ಪಕ್ಕದಿಂದ ಇಳಿದು, ಫ್ರಾವ್ ಲೇನರ್ಟಳ ಬೆನ್ನ ಹಿಂದಿನಿಂದ ಸುತ್ತುಹಾಕಿ ಗಾಡಿ ಹೋಯಿತು. ಒದ್ದೆ ಹುಲ್ಲಿನ ಮೇಲೆ ಎರಡು ಗಾಲಿಯ ಗೆರೆ ಉದ್ದಕ್ಕೆ ಬಿದ್ದವು.